ದಿನಕ್ಕೆ ಒಂದು ಮಿಲಿಮೀಟರ್

ಇವತ್ತು ಅತಿಥಿಗಳು ಯಾರೂ ಇಲ್ಲ, ಸಂದರ್ಶನವೂ ಇಲ್ಲ. ಆಗಾಗ ಮಾಡುವ ಅಭಿಪ್ರಾಯದ ಸಂಚಿಕೆ ಇದು. ಒಪ್ಪಿಗೆ ಆಗದಿದ್ದರೆ ಎಂದಿನಂತೆ ಬರೆದು ಜಗಳ ಆಡಬಹುದು. ವಿಷಯ ಏನಪ್ಪಾ ಅಂದ್ರೆ, ನಮ್ಮ ಮೈ ತನ್ನ ಗಾಯವನ್ನು ತಾನೇ ಹೇಗೆ ಮಾಯಿಸಿಕೊಳ್ಳುತ್ತೆ ಅನ್ನೋದು. ಸ್ನಾಯು, ನರ, ಚರ್ಮ ಮೂರೂ ಬರುತ್ತವೆ. ಆದರೆ ಹೆಚ್ಚು ಹೊತ್ತು ನರದ ಹತ್ತಿರವೇ ಕೂತಿರ್ತೀನಿ.

ಮೊದಲೇ ನನ್ನ ವಾದ ಹೇಳಿಬಿಡ್ತೀನಿ. ಈ ಕ್ಷೇತ್ರದಲ್ಲಿ ನೂರೈವತ್ತು ವರ್ಷಕ್ಕೂ ಮೀರಿ ನಡೆದಿರುವ ಸಂಶೋಧನೆ ನಮಗೆ ಕೊಟ್ಟಿರುವುದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಒಂದು ಲೆಕ್ಕ: ತುಂಡಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಈ ಲೆಕ್ಕ ಪುಸ್ತಕದಲ್ಲಿದೆ, ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಪಾಠದಲ್ಲಿದೆ. ಬೈಕಿನಿಂದ ಬಿದ್ದು ತೋಳು ಜೋತಾಡಿಸಿಕೊಂಡು ಮನೆಗೆ ಬಂದ ಹುಡುಗನ ತಂದೆತಾಯಿಗೆ ಮಾತ್ರ ಇದನ್ನ ಯಾರೂ ಹೇಳಿರೋದಿಲ್ಲ. ಅವರಿಗೆ ತಲುಪಿರುವುದು ಸ್ಟೆಮ್ ಸೆಲ್ ಅನ್ನುವ ಪದ. ಇದು ನನಗೆ ಸಿಟ್ಟು ತರಿಸುವ ವಿಷಯ, ಹಾಗಾಗಿ ಇವತ್ತು ಸ್ವಲ್ಪ ಜೋರಾಗಿ ಮಾತಾಡಿದರೆ ಸಹಿಸಿಕೊಳ್ಳಿ.

ಗಾಯ ಮಾಯುವುದರ ಬಗ್ಗೆ ಯಾವ ವಿಜ್ಞಾನ ಕಾರ್ಯಕ್ರಮ ನೋಡಿದರೂ ಶುರುವಾಗುವುದು ಸಾಲಮಾಂಡರ್‌ನಿಂದ. ಕಾಲು ಕತ್ತರಿಸಿದರೆ ಕಾಲು ಬರುತ್ತೆ, ಬೆರಳುಗಳ ಸಮೇತ. ನಮ್ಮ ಕಡೆಯವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಗೋಡೆ ಮೇಲಿನ ಹಲ್ಲಿ ಬಾಲ ಬಿಟ್ಟು ಓಡೋದು ಎಲ್ಲರೂ ಕಂಡಿರೋದೇ. (ಅಂದ ಹಾಗೆ, ಹಲ್ಲಿಗೆ ಮತ್ತೆ ಬರುವ ಬಾಲ ಹಳೆಯ ಬಾಲ ಅಲ್ಲ. ಒಳಗೆ ಬೆನ್ನುಮೂಳೆಯ ಮಣಿಗಳ ಬದಲು ಮೃದ್ವಸ್ಥಿಯ ಒಂದು ಕೊಳವೆ ಇರುತ್ತೆ. ಹಲ್ಲಿಯೂ ತೇಪೆ ಹಾಕಿಕೊಂಡೇ ಬದುಕುತ್ತೆ.) ಈ ಕಥೆ ಕೇಳೋಕೆ ಚೆನ್ನ. ಆದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು, ಎಲ್ಲೋ ಒಂದು ಕಡೆ ಆ ಗುಟ್ಟು ಸಿಕ್ಕಿಬಿಟ್ಟಿದೆ, ದುಡ್ಡು ಕೊಟ್ಟರೆ ನಮಗೂ ಸಿಗುತ್ತೆ ಅನ್ನುವ ನಂಬಿಕೆ.

ಕೆಲವು ವಾರಗಳ ಹಿಂದೆ ಶಾರ್ಜಾದಲ್ಲಿರುವ ಕೇಳುಗರೊಬ್ಬರು ಒಂದು ಧ್ವನಿಸಂದೇಶ ಕಳಿಸಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಹೇಳ್ತೀನಿ. ಅವರ ತಂಗಿ ಮಗನಿಗೆ ಊರಲ್ಲಿ ಬೈಕ್ ಅಪಘಾತ ಆಗಿತ್ತು. ಕಾಲರ್ ಬೋನ್ ಮುರಿದಿತ್ತು, ತೊಡೆ ಮುರಿದಿತ್ತು. ಎರಡನ್ನೂ ಪ್ಲೇಟ್ ಹಾಕಿ ಸರಿಮಾಡಿದರು. ಬಲಗೈ ಮಾತ್ರ ಮೇಲೇಳಲಿಲ್ಲ. "ನರ ಜಗ್ಗಿದೆ, ಬರುತ್ತೆ, ಕಾಯಿರಿ" ಅಂದರಂತೆ. ಕಾದರು. ಎಣ್ಣೆ ತಿಕ್ಕಿಸಿದರು, ನಾಟಿ ವೈದ್ಯರ ಹತ್ತಿರ ಹೋದರು, ಕರೆಂಟು ಕೊಡಿಸಿದರು, ಹರಕೆ ಹೊತ್ತರು. ನನಗೆ ಸಂದೇಶ ಬರುವ ಹೊತ್ತಿಗೆ 14 ತಿಂಗಳು ಆಗಿತ್ತು. ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಇಂಜೆಕ್ಷನ್ ನಾಲ್ಕು ಸಲ ಕೊಟ್ಟರೆ ಕೈ ಬರುತ್ತೆ ಅಂದಿದ್ದಾರೆ, ಹೊಲ ಅಡ ಇಡೋಕೆ ಮನೆಯವರು ತಯಾರಾಗಿದ್ದಾರೆ. ಅವರ ಪ್ರಶ್ನೆ ಒಂದೇ: "ಸರ್, ನೀವು ಕೆನಡಾದಲ್ಲಿದ್ದೀರಿ. ಅಲ್ಲಿ ಇದಕ್ಕಿಂತ ಒಳ್ಳೇದು ಏನಾದ್ರೂ ಬಂದಿದ್ಯಾ?"

ಇಂಥ ಪ್ರಶ್ನೆ ಹೊರದೇಶದಲ್ಲಿರುವ ನಮಗೆಲ್ಲ ಬರುತ್ತೆ, ಅಲ್ವಾ? ನಾವು ಡಾಕ್ಟರಾಗಿರಬೇಕು ಅಂತೇನಿಲ್ಲ. ವಿಮಾನ ಹತ್ತಿದವರಿಗೆ ಇದೆಲ್ಲ ಗೊತ್ತಿರುತ್ತೆ ಅನ್ನುವ ಲೆಕ್ಕ. ನಾನೂ ವೈದ್ಯನಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನರ ಅನ್ನುವುದು ಏನು, ತುಂಡಾದ ಮೇಲೆ ಅಲ್ಲಿ ಏನು ನಡೆಯುತ್ತೆ ಅನ್ನುವುದನ್ನ ಬಿಡಿಸಿ ನೋಡಲೇಬೇಕು.

ನಿಮ್ಮ ಕೈಬೆರಳನ್ನು ಆಡಿಸುವ ನರಕೋಶ ಇರುವುದು ಕತ್ತಿನ ಮಟ್ಟದಲ್ಲಿ, ಬೆನ್ನುಹುರಿಯ ಒಳಗೆ. ಅಲ್ಲಿಂದ ಬೆರಳಿನ ತನಕ ಒಂದೇ ಜೀವಕೋಶದ ಒಂದೇ ಎಳೆ ಬಂದಿರುತ್ತೆ. ಮಧ್ಯೆ ಗಂಟಿಲ್ಲ, ಜೋಡಣೆ ಇಲ್ಲ. ಆ ಎಳೆಗೆ ಆಕ್ಸಾನ್ ಅಂತ ಹೆಸರು. ಅದರ ಸುತ್ತ ಉದ್ದಕ್ಕೂ ಶ್ವಾನ್ ಕೋಶಗಳು ಹೊದಿಕೆಯ ಹಾಗೆ ಸುತ್ತಿಕೊಂಡಿರುತ್ತವೆ. ಈಗ ಈ ಎಳೆ ಭುಜದ ಹತ್ತಿರ ತುಂಡಾಯ್ತು ಅನ್ನಿ. 1850ರಲ್ಲಿ ಅಗಸ್ಟಸ್ ವಾಲರ್ ಅನ್ನುವ ಇಂಗ್ಲಿಷ್ ವೈದ್ಯ ಕಪ್ಪೆಯ ನಾಲಿಗೆಗೆ ಹೋಗುವ ನರಗಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ಕೋಶದಿಂದ ಬೇರೆಯಾದ ಆಚೆಕಡೆಯ ತುಂಡು ಪೂರ್ತಿ ಪುಡಿಯಾಗಿ ಹೋಗುತ್ತೆ ಅಂತ ತೋರಿಸಿದ. ಇದಕ್ಕೆ ಈಗಲೂ ವಾಲರ್ ಹೆಸರೇ ಇದೆ. ಅಂದರೆ ತುಂಡಾದ ಎರಡು ತುದಿ ಹೊಲಿದರೆ ತಂತಿ ಜೋಡಿಸಿದ ಹಾಗೆ ಕರೆಂಟು ಬರೋದಿಲ್ಲ. ಮೇಲಿನ ತುದಿಯಿಂದ ಹೊಸ ಎಳೆ ಚಿಗುರಿ, ಕೆಳಗಿನ ಖಾಲಿ ಕೊಳವೆಯೊಳಗೆ ತೆವಳಿಕೊಂಡು, ಸ್ನಾಯು ಇರುವ ತನಕ ಹೋಗಬೇಕು. ದಿನಕ್ಕೆ ಒಂದು ಮಿಲಿಮೀಟರ್. ಕೆಲವೊಮ್ಮೆ ಸ್ವಲ್ಪ ಹೆಚ್ಚು, ಅಷ್ಟೇ.

ಇದನ್ನ ತಮ್ಮ ಮೈಮೇಲೇ ಅಳೆದವರೂ ಇದ್ದಾರೆ. 1903ರಲ್ಲಿ ಹೆನ್ರಿ ಹೆಡ್ ಅನ್ನುವ ಲಂಡನ್ನಿನ ನರತಜ್ಞ ತನ್ನ ಎಡಗೈಯ ಚರ್ಮದ ನರಗಳನ್ನು ಸಹೋದ್ಯೋಗಿಯಿಂದ ಬೇಕಂತಲೇ ಕತ್ತರಿಸಿಕೊಂಡು, ಮತ್ತೆ ಹೊಲಿಸಿಕೊಂಡ. ಆಮೇಲೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೇಂಬ್ರಿಜ್‌ಗೆ ಹೋಗಿ ಕಣ್ಣು ಮುಚ್ಚಿ ಕೂರೋದು, ಗೆಳೆಯ ರಿವರ್ಸ್ ಬಂದು ಸೂಜಿ, ಹತ್ತಿ, ಬಿಸಿನೀರು, ತಣ್ಣೀರು ಮುಟ್ಟಿಸಿ, ಎಲ್ಲೆಲ್ಲಿ ಎಷ್ಟೆಷ್ಟು ಗೊತ್ತಾಗುತ್ತೆ ಅಂತ ಬರೆದುಕೊಳ್ಳೋದು. ಈ ರಿವರ್ಸ್ ಯಾರು ಗೊತ್ತಾ? ಇದಕ್ಕೆ ಒಂದೆರಡು ವರ್ಷ ಮುಂಚೆ ನೀಲಗಿರಿ ಬೆಟ್ಟದಲ್ಲಿ ಕೂತು ತೋಡರ ಬಗ್ಗೆ ಅಧ್ಯಯನ ಮಾಡಿದ್ದ ಅದೇ ಡಬ್ಲ್ಯು. ಎಚ್. ಆರ್. ರಿವರ್ಸ್. ಆ ಪುಸ್ತಕ 1906ರಲ್ಲಿ ಬಂತು, ಕೈಯ ಪ್ರಯೋಗದ ವರದಿ 1908ರಲ್ಲಿ. ನಮ್ಮ ಗಡಿಯ ಬೆಟ್ಟದ ಮೇಲೆ ಓಡಾಡಿದ ಮನುಷ್ಯ ನರದ ವಿಜ್ಞಾನದಲ್ಲೂ ಸಿಕ್ಕಿದಾಗ ನನಗೆ ಖುಷಿಯಾಗಿತ್ತು, ಅದಕ್ಕೇ ಹೇಳಿದೆ. ಹೆಡ್ ಹೇಳಿದ ಸಿದ್ಧಾಂತದಲ್ಲಿ ಬಹಳಷ್ಟನ್ನ ಮುಂದಿನವರು ಒಪ್ಪಲಿಲ್ಲ. ಆದರೆ ನರ ವಾಪಸ್ ಬರೋದು ನಿಧಾನ, ಬಂದರೂ ಮೊದಲಿನ ಹಾಗೆ ಇರೋದಿಲ್ಲ ಅನ್ನುವುದನ್ನ ಆ ಕೈ ಎಲ್ಲರಿಗೂ ತೋರಿಸಿಕೊಟ್ಟಿತು.

ಮೊದಲ ಮಹಾಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರನ್ನು ನೋಡುತ್ತಿದ್ದ ಫ್ರೆಂಚ್ ವೈದ್ಯ ಜೂಲ್ ಟಿನೆಲ್ 1915ರಲ್ಲಿ ಒಂದು ಸರಳ ಪರೀಕ್ಷೆ ಬರೆದಿಟ್ಟ. ನರದ ದಾರಿಗುಂಟ ಬೆರಳಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಹೊಸ ಎಳೆಯ ತುದಿ ಎಲ್ಲಿದೆಯೋ ಅಲ್ಲಿ ತಟ್ಟಿದಾಗ ಕೈಯೊಳಗೆ ಜುಮ್ಮೆನ್ನುತ್ತೆ. ಮುಂದಿನ ತಿಂಗಳು ತಟ್ಟಿದರೆ ಆ ಜುಮ್ಮೆನ್ನುವ ಜಾಗ ಎರಡು ಮೂರು ಸೆಂಟಿಮೀಟರ್ ಕೆಳಗೆ ಹೋಗಿರಬೇಕು. ಹೋಗಿದ್ದರೆ ನರ ಬೆಳೀತಾ ಇದೆ. ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಏನೋ ಅಡ್ಡ ಬಂದಿದೆ. ಯಂತ್ರ ಬೇಡ, ದುಡ್ಡು ಬೇಡ. ನೂರು ವರ್ಷ ದಾಟಿದ ಈ ಪರೀಕ್ಷೆ ಇವತ್ತಿಗೂ ಕೆಲಸಕ್ಕೆ ಬರುತ್ತೆ.

ಈಗ ಲೆಕ್ಕ ಮಾಡೋಣ. ಕತ್ತಿನಿಂದ ತೋಳು ಬಗ್ಗಿಸುವ ಬೈಸೆಪ್ಸ್ ಸ್ನಾಯುವಿಗೆ ಹತ್ತಿರ ಹತ್ತಿರ 25-30 ಸೆಂಟಿಮೀಟರ್. ಅಂದರೆ ಎಲ್ಲಾ ಸರಿಹೋದರೂ ಒಂಬತ್ತು ಹತ್ತು ತಿಂಗಳು. ಕತ್ತಿನಿಂದ ಅಂಗೈಯ ಚಿಕ್ಕ ಸ್ನಾಯುಗಳಿಗೆ 70 ಸೆಂಟಿಮೀಟರ್ ಅನ್ನಿ. 700 ದಿನ. ಎರಡು ವರ್ಷ.

ತೊಂದರೆ ಏನಂದರೆ ಅಷ್ಟು ದಿನ ಸ್ನಾಯು ಕಾಯೋದಿಲ್ಲ. ನರ ಇಲ್ಲದ ಸ್ನಾಯು ಮೊದಲು ಸೊರಗುತ್ತೆ, ಆಮೇಲೆ ನಾರಾಗುತ್ತೆ, ಕೊಬ್ಬಾಗುತ್ತೆ. 12ರಿಂದ 18 ತಿಂಗಳು ದಾಟಿದ ಮೇಲೆ ನರ ತಲುಪಿದರೂ ಉಪಯೋಗಕ್ಕೆ ಬರುವಷ್ಟು ಬಲ ಬರೋದು ಅಪರೂಪ. ಬಸ್ಸು ಬರುತ್ತೆ, ಆದರೆ ಅಷ್ಟರಲ್ಲಿ ಊರೇ ಖಾಲಿಯಾಗಿರುತ್ತೆ.

ಇಲ್ಲಿ ನಮ್ಮ ಕೆನಡಾದಲ್ಲೇ ನಡೆದ ಒಂದು ಕೆಲಸ ಹೇಳಬೇಕು. ಎಡ್ಮಂಟನ್‌ನಲ್ಲಿ ಟೆಸ್ಸಾ ಗಾರ್ಡನ್ ಮತ್ತು ಸೂಸನ್ ಫು ಒಂದು ಪ್ರಶ್ನೆ ಹಿಡಿದರು. ತಡವಾದಾಗ ಕೆಡುವುದು ಯಾವುದು? ಕಾದು ಕಾದು ಸುಸ್ತಾಗುವುದು ಮೇಲಿನ ನರಕೋಶವೋ, ಸೊರಗಿದ ಸ್ನಾಯುವೋ, ಮಧ್ಯದ ದಾರಿಯೋ? ಇಲಿಗಳಲ್ಲಿ ಒಂದೊಂದನ್ನೇ ಬೇರೆ ಬೇರೆ ತಡ ಮಾಡಿ ನೋಡಿದರು, 1995ರಲ್ಲಿ ಪ್ರಕಟಿಸಿದರು. ಮೂರೂ ಸ್ವಲ್ಪ ಸ್ವಲ್ಪ ಕೆಡುತ್ತವೆ, ಆದರೆ ಹೆಚ್ಚಿನ ಹೊಡೆತ ಬೀಳುವುದು ದಾರಿಗೆ. ನರ ತುಂಡಾದಾಗ ಶ್ವಾನ್ ಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು ಹೊಸ ವೇಷ ಹಾಕುತ್ತವೆ. ಕಸ ಗುಡಿಸುತ್ತವೆ, ಸಾಲಾಗಿ ನಿಂತು ಹೊಸ ಎಳೆಗೆ ದಾರಿ ತೋರಿಸುತ್ತವೆ, ಅದಕ್ಕೆ ಬೇಕಾದ ಪೋಷಕಾಂಶ ಒದಗಿಸುತ್ತವೆ. ಆದರೆ ಎಳೆ ಬಾರದೇ ತಿಂಗಳುಗಟ್ಟಲೆ ಕಳೆದರೆ ಆ ಉತ್ಸಾಹ ಇಳಿದುಹೋಗುತ್ತೆ, ಕೊಳವೆಗಳು ಕುಗ್ಗುತ್ತವೆ. ಆಗ ಹೊಸ ಎಳೆಗಳಲ್ಲಿ ಬಹುಪಾಲು ದಾರಿಯಲ್ಲೇ ನಿಂತುಬಿಡುತ್ತವೆ.

ಇದು ತಿಳಿದ ಮೇಲೆ "ಕಾಯಿರಿ, ಬರುತ್ತೆ" ಅನ್ನುವ ಮಾತು ಬೇರೆಯೇ ಥರ ಕೇಳಿಸುತ್ತೆ. ಕಾಯೋದು ಅಂದರೆ ಸುಮ್ಮನೆ ಕೂತಿರೋದಲ್ಲ, ಪ್ರತಿ ತಿಂಗಳೂ ಏನೋ ಒಂದು ಖರ್ಚಾಗ್ತಾ ಇರುತ್ತೆ.

ಇದನ್ನ ಹೇಳಿದ ತಕ್ಷಣ ವೈದ್ಯ ಮಿತ್ರರು ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ. ಎಲ್ಲಾ ನರದ ಪೆಟ್ಟೂ ಒಂದೇ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ, 1943ರಲ್ಲಿ, ಹರ್ಬರ್ಟ್ ಸೆಡನ್ ನರದ ಪೆಟ್ಟನ್ನ ಮೂರು ಬಗೆಯಾಗಿ ವಿಂಗಡಿಸಿದರು. ಎಳೆ ಉಳಿದು ಸಂಕೇತ ಮಾತ್ರ ನಿಂತಿರುವುದು ಒಂದು ಬಗೆ, ಇದು ವಾರಗಳಲ್ಲಿ ತಾನಾಗಿ ಸರಿಹೋಗುತ್ತೆ. ಎಳೆ ತುಂಡಾಗಿ ಹೊರಗಿನ ಕವಚ ಉಳಿದಿರುವುದು ಇನ್ನೊಂದು, ಇದು ತಿಂಗಳುಗಳಲ್ಲಿ ಬರುತ್ತೆ. ಕವಚವೂ ಸೇರಿ ಪೂರ್ತಿ ತುಂಡಾಗಿರುವುದು ಮೂರನೆಯದು, ಅದು ತಾನಾಗಿ ಬರೋದಿಲ್ಲ. ಮೊದಲ ದಿನ ಹಾಸಿಗೆ ಪಕ್ಕ ನಿಂತವರಿಗೆ ಮೂರೂ ಒಂದೇ ಥರ ಕಾಣುತ್ತವೆ: ಕೈ ಬಿದ್ದಿದೆ. ಆತುರಪಟ್ಟು ಕೊಯ್ದರೆ ತಾನಾಗಿ ಬರ್ತಿದ್ದ ನರವನ್ನೇ ಹಾಳು ಮಾಡಿದ ಹಾಗಾಗುತ್ತೆ. ಆದ್ದರಿಂದ ಕೆಲವು ವಾರ ಕಾಯಲೇಬೇಕು. ಇದು ಸರಿ.

ಆದರೆ ಈ ಆಕ್ಷೇಪ ಹೇಳೋದು "ನೋಡುತ್ತಾ ಕಾಯಿರಿ" ಅಂತ. ನಮ್ಮೂರ ರೋಗಿಗೆ ತಲುಪೋದು "ಕಾಯಿರಿ" ಅನ್ನೋದು ಮಾತ್ರ. ನೋಡೋದು ಅಂದರೆ ಏನು? ಸುಮಾರು ಮೂರು ವಾರಕ್ಕೆ ಇ.ಎಂ.ಜಿ. ಅನ್ನುವ ವಿದ್ಯುತ್ ಪರೀಕ್ಷೆ. ಅದಕ್ಕೆ ಮುಂಚೆ ಮಾಡಿದರೆ ಪೂರ್ತಿ ಉತ್ತರ ಸಿಗೋದಿಲ್ಲ, ಯಾಕಂದರೆ ವಾಲರ್ ಹೇಳಿದ ಪುಡಿಯಾಗುವ ಕೆಲಸ ಮುಗಿದು ಅದರ ಗುರುತು ಸ್ನಾಯುವಿನಲ್ಲಿ ಕಾಣೋಕೆ ಅಷ್ಟು ದಿನ ಬೇಕು. ಬೆನ್ನುಹುರಿಯಿಂದಲೇ ಬೇರು ಕಿತ್ತು ಬಂದಿದೆಯಾ ಅಂತ ನೋಡೋಕೆ ಎಂ.ಆರ್.ಐ. ತಿಂಗಳಿಗೊಮ್ಮೆ ಒಂದೊಂದು ಸ್ನಾಯುವಿನ ಬಲ ಬರೆದಿಡೋದು. ಟಿನೆಲ್‌ನ ತಟ್ಟುವ ಪರೀಕ್ಷೆ. ಮೂರು ತಿಂಗಳಾದರೂ ಏನೂ ಚಿಗುರದಿದ್ದರೆ ಕೊಯ್ಯುವ ಮಾತು, ಆರು ತಿಂಗಳೊಳಗೆ ಅದು ಮುಗಿದಿರಬೇಕು. ಬೇರೇ ಕಿತ್ತು ಬಂದಿದ್ದರೆ ಅಷ್ಟೂ ಕಾಯುವ ಕಾರಣ ಇಲ್ಲ, ಕಿತ್ತ ಬೇರು ತಾನಾಗಿ ಮತ್ತೆ ನೆಟ್ಟುಕೊಳ್ಳೋದಿಲ್ಲ. ಕೈಗೆ ಬರುವ ಈ ನರಗಳ ಜಾಲಕ್ಕೆ ಬ್ರೇಕಿಯಲ್ ಪ್ಲೆಕ್ಸಸ್ ಅಂತಾರೆ. ಬೈಕಿಂದ ಬಿದ್ದಾಗ ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಎಳೆದುಕೊಂಡು ಹೋದಾಗ ಕಿತ್ತು ಬರೋದು ಇದೇ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಸರ್ಕಾರದ್ದೇ ಲೆಕ್ಕ. ಅದರಲ್ಲಿ ಸುಮಾರು 44 ಪ್ರತಿಶತ ದ್ವಿಚಕ್ರ ವಾಹನದಲ್ಲಿದ್ದವರು. ಬದುಕಿ ಉಳಿದು ಕೈ ಕಳೆದುಕೊಂಡವರು ಈ ಸಂಖ್ಯೆಯೊಳಗೆ ಬರೋದಿಲ್ಲ. ಅವರಲ್ಲಿ ಹೆಚ್ಚಿನವರು ಹುಡುಗರು, ದುಡಿಯುವ ವಯಸ್ಸಿನವರು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ದಿನಕ್ಕೆ ಒಂದು ಮಿಲಿಮೀಟರ್ ಅನ್ನುವ ವೇಗವನ್ನ ಹೆಚ್ಚಿಸೋಕೆ ಎಷ್ಟೋ ಪ್ರಯೋಗಾಲಯಗಳು ತಲೆ ಕೆಡಿಸಿಕೊಂಡಿದ್ದವು, ಈಗಲೂ ಕೆಡಿಸಿಕೊಂಡಿವೆ. 1994ರಲ್ಲಿ ಪ್ಯಾರಿಸ್ಸಿನ ಕ್ರಿಸ್ಟೋಫ್ ಒಬರ್ಲಾನ್ ಅನ್ನುವ ಶಸ್ತ್ರವೈದ್ಯ ವೇಗದ ತಂಟೆಗೆ ಹೋಗಲಿಲ್ಲ, ದೂರವನ್ನೇ ಕಡಿಮೆ ಮಾಡಿದ. ಕತ್ತಿನ ಮೇಲಿನ ಬೇರುಗಳು ಹೋಗಿ, ತೋಳು ಬಗ್ಗಿಸೋಕಾಗದೆ, ಅಂಗೈ ಮಾತ್ರ ಚೆನ್ನಾಗಿರುವ ರೋಗಿಗಳಿರ್ತಾರೆ. ಅವರ ಕಿರುಬೆರಳ ಕಡೆಯ ಅಲ್ನಾರ್ ನರದಲ್ಲಿ ಎಳೆಗಳ ಕಟ್ಟುಗಳು ಬೇಕಾದಷ್ಟಿರುತ್ತವೆ. ಅದರಿಂದ ಒಂದು ಕಟ್ಟು ತೆಗೆದು, ತೋಳಿನಲ್ಲೇ, ಬೈಸೆಪ್ಸ್ ಸ್ನಾಯುವಿನ ಬಾಗಿಲಲ್ಲೇ, ಅದರ ನರಕ್ಕೆ ಹೊಲಿದ. ಒಂದು ಕಟ್ಟು ಕಳೆದುಕೊಂಡಿದ್ದು ಅಂಗೈಗೆ ಅಷ್ಟಾಗಿ ಗೊತ್ತೂ ಆಗೋದಿಲ್ಲ. ಈಗ ಹೊಸ ಎಳೆ ನಡೀಬೇಕಾದ್ದು 30 ಸೆಂಟಿಮೀಟರ್ ಅಲ್ಲ, ಕೆಲವೇ ಸೆಂಟಿಮೀಟರ್. ಕೆಲವು ತಿಂಗಳಲ್ಲೇ ಸ್ನಾಯು ಮಿಸುಕುತ್ತೆ.

ಶುರುವಿನಲ್ಲಿ ಆ ರೋಗಿ ತೋಳು ಬಗ್ಗಿಸಬೇಕಾದರೆ ಮುಷ್ಟಿ ಬಿಗಿಯುವ ಯೋಚನೆ ಮಾಡಬೇಕು, ಯಾಕಂದರೆ ಆ ಎಳೆಯ ಯಜಮಾನ ಇನ್ನೂ ಅಂಗೈಯ ನರಕೋಶವೇ. ಬರ್ತಾ ಬರ್ತಾ ಮಿದುಳು ಹೊಸ ವಿಳಾಸ ಕಲಿಯುತ್ತೆ, ಮುಷ್ಟಿ ಬಿಗಿಯದೇ ತೋಳು ಬಗ್ಗುತ್ತೆ. ಎಲ್ಲಾ ಬೇರುಗಳೂ ಹೋಗಿದ್ದರೆ ಪಕ್ಕೆಲುಬುಗಳ ನಡುವಿನ ನರವನ್ನ ತಂದು ಜೋಡಿಸುತ್ತಾರೆ, ಆಗ ಶುರುವಿನಲ್ಲಿ ಉಸಿರು ಎಳೆದುಕೊಂಡರೆ ತೋಳು ಬಗ್ಗುತ್ತೆ! ಇದಕ್ಕಿಂತ ಅದ್ಭುತ ನನಗೆ ಸಾಲಮಾಂಡರ್ ಕಾಲಲ್ಲೂ ಕಂಡಿಲ್ಲ. ಆದರೂ ಇದನ್ನ ಯಾರೂ ಜಾಹೀರಾತು ಮಾಡೋದಿಲ್ಲ. ಇದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ, ಇನ್ನೂ ಹಲವು ಕಡೆ ನಡೆಯುವ ಶಸ್ತ್ರಚಿಕಿತ್ಸೆ. ವಿಮಾನ ಹತ್ತಿ ಕೆನಡಾಕ್ಕೆ ಬರಬೇಕಾಗಿಲ್ಲ. ನಿಜ ಹೇಳಬೇಕಂದ್ರೆ ಇಲ್ಲೂ ತಜ್ಞರ ಭೇಟಿಗೆ ತಿಂಗಳುಗಟ್ಟಲೆ ಸಾಲಿನಲ್ಲಿ ನಿಲ್ಲೋದು ಹೊಸದೇನಲ್ಲ, ಇಲ್ಲೂ ಈ ದಿನಗಳು ಕಳೆದುಹೋಗುತ್ತವೆ. ಫಲಿತಾಂಶವನ್ನೂ ಉಬ್ಬಿಸಿ ಹೇಳಬಾರದು. ಮೊಣಕೈ ಬಗ್ಗೋದು, ಭುಜ ಸ್ವಲ್ಪ ಏಳೋದು ಹಲವರಲ್ಲಿ ಸಾಧ್ಯ ಆಗುತ್ತೆ. ಪೂರ್ತಿ ಬಿದ್ದ ಅಂಗೈಯನ್ನ ಮತ್ತೆ ಅಕ್ಷರ ಬರೆಯುವ ಹಾಗೆ ಮಾಡೋದು ಇವತ್ತಿಗೂ ಬಹಳ ಕಷ್ಟ.

ಹಾಗಾದರೆ ಸ್ಟೆಮ್ ಸೆಲ್ ಸುಳ್ಳಾ? ಅಲ್ಲ, ಹಾಗೆ ಹೇಳಿದರೆ ನಾನೂ ಆ ಕ್ಲಿನಿಕ್‌ನವರಷ್ಟೇ ತಪ್ಪು ಹೇಳಿದ ಹಾಗೆ. 1961ರಲ್ಲಿ ಅಲೆಕ್ಸಾಂಡರ್ ಮೌರೋ ಕಪ್ಪೆಯ ಸ್ನಾಯುವನ್ನ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಸ್ನಾಯುವಿನ ಎಳೆಗೂ ಅದರ ಹೊರಪೊರೆಗೂ ನಡುವೆ ಅಂಟಿಕೊಂಡು ಕೂತ ಪುಟ್ಟ ಕೋಶಗಳನ್ನ ಕಂಡು ಸ್ಯಾಟಲೈಟ್ ಕೋಶ ಅಂತ ಹೆಸರಿಟ್ಟರು. ಸ್ನಾಯು ಹರಿದಾಗ ಎದ್ದು ಬಂದು ಹೊಸ ಎಳೆ ಕಟ್ಟುವ ಕೋಶಗಳು ಇವೇ. 2000ದಲ್ಲಿ ಮೈಕೆಲ್ ರಡ್ನಿಕ್ಕಿ ಅವರ ತಂಡ, ಅದೂ ಕೆನಡಾದ್ದೇ, ಪ್ಯಾಕ್ಸ್7 ಅನ್ನುವ ಜೀನ್ ಇಲ್ಲದಿದ್ದರೆ ಇವು ಇರೋದೇ ಇಲ್ಲ ಅಂತ ತೋರಿಸಿತು. ಬೆಳೆದ ಇಲಿಯಲ್ಲಿ ಈ ಕೋಶಗಳನ್ನ ತೆಗೆದುಬಿಟ್ಟರೆ ಸ್ನಾಯು ಮತ್ತೆ ಕಟ್ಟಿಕೊಳ್ಳೋದೇ ಇಲ್ಲ ಅಂತ 2011ರಲ್ಲಿ ಒಂದಕ್ಕಿಂತ ಹೆಚ್ಚು ತಂಡಗಳು ತೋರಿಸಿದವು. ಅದರಲ್ಲಿ ಒಂದು ಪ್ರಬಂಧದ ಮೊದಲ ಲೇಖಕರು ರಾಮ್‌ಕುಮಾರ್ ಸಾಂಬಶಿವನ್, ಆಮೇಲೆ ಬೆಂಗಳೂರಿನ ಇನ್‌ಸ್ಟೆಮ್‌ನಲ್ಲಿ ಕೆಲಸ ಮಾಡಿದವರು. ಇದು ಗಟ್ಟಿಯಾದ, ಸುಂದರವಾದ ವಿಜ್ಞಾನ. ಆದರೆ ಅದು ಏನು ಹೇಳುತ್ತೆ ನೋಡಿ. ಸ್ನಾಯು ಕಟ್ಟುವ ಕೋಶ ನಿಮ್ಮ ಮೈಯಲ್ಲಿ ಈಗಾಗಲೇ ಇದೆ. ನರ ಹೋದ ಕೈಯಲ್ಲಿ ಕೊರತೆ ಆಗಿರೋದು ಅದರದ್ದಲ್ಲ. ವೈರಿಂಗ್ ಸುಟ್ಟ ಮನೆಗೆ ಹೊಸ ಬಲ್ಬ್ ತಂದು ಹಾಕ್ತಾ ಹೋದರೆ ಬೆಳಕು ಬರುತ್ತಾ?

ನಿಜವಾದ ಕೋಶ ಚಿಕಿತ್ಸೆ ಹೇಗಿರುತ್ತೆ ಅಂತ ನೋಡಬೇಕಾದರೆ ಚರ್ಮದ ಕಡೆ ಬನ್ನಿ. 1975ರಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹವರ್ಡ್ ಗ್ರೀನ್ ಮನುಷ್ಯನ ಹೊರಚರ್ಮದ ಕೋಶವನ್ನ ತಟ್ಟೆಯಲ್ಲಿ ಬೆಳೆಸುವ ದಾರಿ ಕಂಡುಕೊಂಡರು. 1983ರಲ್ಲಿ ಅಮೆರಿಕದಲ್ಲಿ ಮೈ ಬಹುತೇಕ ಪೂರ್ತಿ ಸುಟ್ಟುಹೋಗಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಅವರದ್ದೇ ಚರ್ಮದ ಚೂರಿನಿಂದ ಬೆಳೆಸಿದ ಹಾಳೆಗಳಿಂದ ಬದುಕಿದರು. 2017ರಲ್ಲಿ ವರದಿಯಾದದ್ದು ಇನ್ನೂ ದೊಡ್ಡದು. ಜರ್ಮನಿಯ ಬೋಹುಮ್‌ನಲ್ಲಿ ಏಳು ವರ್ಷದ ಸಿರಿಯಾ ಮೂಲದ ಹುಡುಗ, ಮುಟ್ಟಿದರೆ ಚರ್ಮ ಸುಲಿದು ಬರುವ ಆನುವಂಶಿಕ ಕಾಯಿಲೆ. ಇಟಲಿಯ ಮಿಕೇಲೆ ದೆ ಲೂಕಾ ಅವರ ತಂಡ ಅವನದ್ದೇ ಕೋಶಗಳಲ್ಲಿ ಜೀನ್ ಸರಿಮಾಡಿ, ಬೆಳೆಸಿ, ಹೊರಚರ್ಮದ ಸುಮಾರು 80 ಪ್ರತಿಶತ ಬದಲಾಯಿಸಿತು. 1975ರಿಂದ 2017ಕ್ಕೆ 42 ವರ್ಷ. ಚರ್ಮ ಅಂದರೆ ತಿಂಗಳು ತಿಂಗಳೂ ತಾನಾಗಿ ಹೊಸದಾಗ್ತಾ ಇರುವ, ಈ ವಿಷಯದಲ್ಲಿ ಎಲ್ಲಕ್ಕಿಂತ ಸುಲಭವಾದ ಅಂಗ. ಅದರಲ್ಲೂ ಹೀಗೆ ಬೆಳೆಸಿದ ಹಾಳೆಯಲ್ಲಿ ಬೆವರಿನ ಗ್ರಂಥಿ ಇಲ್ಲ, ಕೂದಲ ಬೇರಿಲ್ಲ. ಇನ್ನು ಸಾಧಾರಣ ಗಾಯ ಮಾಯ್ದು ಹಕ್ಕಳೆ ಉದುರಿದ ಮೇಲೆ ಉಳಿಯುವ ಕಲೆಯಿದೆಯಲ್ಲ, ಅದರ ಗಟ್ಟಿತನ ಹೆಚ್ಚೆಂದರೆ ಮೊದಲಿನ ಚರ್ಮದ 80 ಪ್ರತಿಶತ. ಚರ್ಮಕ್ಕೇ ಇಷ್ಟು ಪಾಡು. ಹೀಗಿರುವಾಗ ನಾಲ್ಕು ಇಂಜೆಕ್ಷನ್‌ನಲ್ಲಿ ನರ ಬರುತ್ತೆ ಅನ್ನುವವರನ್ನ ನಂಬೋದು ಹೇಗೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನ ನೇರವಾಗಿಯೇ ಹೇಳುತ್ತೆ. ಕೆಲವು ಒಪ್ಪಿತ ರಕ್ತದ ಕಾಯಿಲೆಗಳಿಗೆ ಮಾಡುವ ರಕ್ತಜನಕ ಸ್ಟೆಮ್ ಸೆಲ್ ಕಸಿ ಬಿಟ್ಟರೆ, ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದ ಒಳಗೆ ಮಾತ್ರ ನಡೀಬೇಕು. ಪ್ರಯೋಗ ಅಂದ ಮೇಲೆ ರೋಗಿಯಿಂದ ಲಕ್ಷ ಲಕ್ಷ ತೆಗೆದುಕೊಳ್ಳುವ ಮಾತೇ ಬರಬಾರದು. ಇದು ಭಾರತದ ರೋಗ ಅಂತ ಮೂಗು ಮುರಿಯೋದೂ ಬೇಡ. ಅಮೆರಿಕದ ಫ್ಲೋರಿಡಾದ ಒಂದು ಕ್ಲಿನಿಕ್‌ನಲ್ಲಿ ಕಣ್ಣಿಗೆ ಸ್ಟೆಮ್ ಸೆಲ್ ಅಂತ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡದ್ದು 2017ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಸೆ ಮಾರುವ ಅಂಗಡಿ ಎಲ್ಲಾ ದೇಶದಲ್ಲೂ ಇದೆ.

ನಾನು ಬೇಸರ ಪಡೋದು ಆ ಅಂಗಡಿಯವರಿಗಿಂತ ಹೆಚ್ಚಾಗಿ ನಮ್ಮಂಥ ವಿಜ್ಞಾನ ಹೇಳುವವರ ಬಗ್ಗೆ. ಹೊಸದು ಬಂದರೆ ಮಾತ್ರ ಸುದ್ದಿ ನಮಗೆ. 2021ರಲ್ಲಿ ಇಲಿಯ ಚರ್ಮದಲ್ಲಿ ಒಂದು ಔಷಧದಿಂದ ಕಲೆಯೇ ಇಲ್ಲದ ಹಾಗೆ, ಕೂದಲ ಸಮೇತ ಗಾಯ ಮಾಯ್ತು ಅಂತ ಬಂದಾಗ ಲೋಕವೆಲ್ಲ ಸುದ್ದಿ. ಅದು ಸುದ್ದಿ ಆಗಬೇಕಾದ್ದೇ, ಬಹಳ ಒಳ್ಳೆಯ ಕೆಲಸ. ಆದರೆ ಟೆಸ್ಸಾ ಗಾರ್ಡನ್ ಅವರದ್ದೇ ಇನ್ನೊಂದು ಕೆಲಸ ಕೇಳಿ. ನರ ಹೊಲಿದ ಮೇಲೆ ಗಾಯದ ಮೇಲ್ಭಾಗಕ್ಕೆ ಸೆಕೆಂಡಿಗೆ 20 ಸಲದಂತೆ ಬರೀ ಒಂದು ಗಂಟೆ ಮೆಲ್ಲನೆ ವಿದ್ಯುತ್ ಕೊಟ್ಟರೆ ಎಳೆಗಳು ಬೇಗ ಹೊರಡುತ್ತವೆ, ಸರಿಯಾದ ದಾರಿ ಹಿಡಿಯುತ್ತವೆ. ಇಲಿಗಳಲ್ಲಿ 2000ದಲ್ಲಿ ತೋರಿಸಿದರು, ಮಣಿಕಟ್ಟಿನ ನರ ಒತ್ತಿಕೊಂಡು ಆಪರೇಷನ್ ಆದ ಮನುಷ್ಯರಲ್ಲಿ 2010ರಲ್ಲಿ ವರದಿ ಮಾಡಿದರು. ಪೇಟೆಂಟ್ ಔಷಧ ಬೇಡ, ಬೆಳೆಸಿದ ಕೋಶ ಬೇಡ. ಇದನ್ನ ಎಷ್ಟು ಜನ ಕೇಳಿದ್ದೀರಿ? (ಒಂದು ಎಚ್ಚರಿಕೆ: ಊರಲ್ಲಿ ಕೊಡಿಸುವ "ಕರೆಂಟು" ಇದಲ್ಲ. ಇದು ಶಸ್ತ್ರಚಿಕಿತ್ಸೆಯ ಹೊತ್ತಿಗೆ ನರಕ್ಕೇ ಕೊಡುವಂಥದ್ದು.)

ನನ್ನ ಕೈಲಿ ಅಧಿಕಾರ ಇದ್ದಿದ್ದರೆ ಏನು ಮಾಡ್ತಿದ್ದೆ ಅಂತ ಕೇಳಿದರೆ, ಹೊಸ ಸಂಸ್ಥೆ ಕಟ್ಟುವ ಮೊದಲು ಒಂದು ಹಾಳೆ ಅಚ್ಚು ಹಾಕಿಸ್ತಿದ್ದೆ. ಅಪಘಾತದ ರೋಗಿಯ ಡಿಸ್ಚಾರ್ಜ್ ಕಾಗದದಲ್ಲಿ ಮೂಳೆಯ ಬಗ್ಗೆ ಅರ್ಧ ಪುಟ ಇರುತ್ತೆ. ಅದರ ಕೆಳಗೆ ನರದ್ದು ನಾಲ್ಕು ಸಾಲು ಕಡ್ಡಾಯ ಆಗಬೇಕು, ಕನ್ನಡದಲ್ಲಿ: ಯಾವ ಸ್ನಾಯು ಆಡ್ತಿಲ್ಲ, ಇ.ಎಂ.ಜಿ. ಯಾವ ತಾರೀಖು, ಮತ್ತೆ ಪರೀಕ್ಷೆ ಯಾವ ತಾರೀಖು, ಯಾವ ತಾರೀಖಿನೊಳಗೆ ನರದ ಶಸ್ತ್ರವೈದ್ಯರನ್ನ ಕಾಣಲೇಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ನರ ಹೊಲಿಯುವ ತಜ್ಞರು ಇರಬೇಕು ಅಂತ ನಾನು ಕೇಳ್ತಿಲ್ಲ, ಅದು ಆಗದ ಮಾತು. ತಾರೀಖು ಬರೆಯೋಕೆ ತಜ್ಞರು ಬೇಕಾಗಿಲ್ಲ. ಮನೆಯವರ ಕೈಯಲ್ಲಿ ಒಂದು ತಾರೀಖಿದ್ದರೆ ಅವರು ಎಣ್ಣೆ ತಿಕ್ಕಿಸುತ್ತಲೂ ಇರಲಿ, ಹರಕೆ ಹೊರುತ್ತಲೂ ಇರಲಿ, ಆ ದಿನಕ್ಕೆ ಬಸ್ಸು ಹತ್ತುತ್ತಾರೆ. ನಮ್ಮ ಜನ ತಾರೀಖಿಗೆ ಬೆಲೆ ಕೊಡ್ತಾರೆ. ಕೋರ್ಟಿನ ತಾರೀಖು ಯಾರಾದ್ರೂ ತಪ್ಪಿಸ್ತಾರಾ?

ಶಾರ್ಜಾದ ಆ ಕೇಳುಗರಿಗೆ ನಾನು ಬರೆದ ಉತ್ತರ ಇಷ್ಟು. ಹೊಲ ಅಡ ಇಡೋದು ಬೇಡ, ಇಂಜೆಕ್ಷನ್ ಬೇಡ. 14 ತಿಂಗಳಾಗಿರೋದರಿಂದ ನರವನ್ನ ಹೊಲಿದು ಹಳೆಯ ಸ್ನಾಯುವನ್ನ ಎಬ್ಬಿಸುವ ಅವಕಾಶ ಬಹಳ ಕಡಿಮೆ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ತೊಡೆಯ ಒಳಭಾಗದ ಗ್ರಾಸಿಲಿಸ್ ಅನ್ನುವ ಸ್ನಾಯುವನ್ನ ಅದರ ರಕ್ತನಾಳ, ನರದ ಸಮೇತ ತೆಗೆದು ತೋಳಿಗೆ ಕಸಿ ಮಾಡಿ, ಹೊಸ ನರಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ. ಸ್ನಾಯುವೇ ಹೊಸದಾದ್ದರಿಂದ ಹಳೆಯ ಸ್ನಾಯುವಿಗೆ ಕಳೆದುಹೋದ ತಿಂಗಳುಗಳು ಇದಕ್ಕೆ ಅಡ್ಡಿ ಆಗೋದಿಲ್ಲ. ಬೇರೆ ಕಡೆಯ ಆಡುವ ಸ್ನಾಯುವಿನ ಸ್ನಾಯುರಜ್ಜುವನ್ನ ತಿರುಗಿಸಿ ಹೊಲಿಯುವುದೂ ಇದೆ. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲಿ ಕುಷ್ಠದಿಂದ ನರ ಸತ್ತ ಕೈಗಳಿಗೆ ಮಾಡಿದ್ದು ಇದನ್ನೇ. ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಆ ಮನುಷ್ಯನ ಕೆಲಸದಿಂದ ಎಷ್ಟೋ ಜನ ಮತ್ತೆ ಕೈಯಿಂದ ಅನ್ನ ಕಲೆಸಿ ತಿಂದರು. ಯಾವುದು ಈ ಹುಡುಗನಿಗೆ ಹೊಂದುತ್ತೆ ಅನ್ನೋದನ್ನ ಕೈ ಮುಟ್ಟಿ ನೋಡಿದ ಶಸ್ತ್ರವೈದ್ಯರೇ ಹೇಳಬೇಕು. ಅಲ್ಲಿತನಕ ಭುಜ, ಮೊಣಕೈ, ಬೆರಳಿನ ಕೀಲುಗಳನ್ನ ಇನ್ನೊಂದು ಕೈಯಿಂದ ದಿನಾ ಆಡಿಸ್ತಾ ಇರಬೇಕು. ಕೀಲು ಬಿಗಿದುಹೋದರೆ ಯಾವ ಕಸಿಯೂ ಕೆಲಸಕ್ಕೆ ಬರೋದಿಲ್ಲ. ಕೈಯಲ್ಲಿ ಉರಿ, ಕರೆಂಟು ಹೊಡೆದಂಥ ನೋವು ಇದ್ದರೆ ಅದನ್ನ ನಾಟಕ ಅಂದುಕೊಳ್ಳಬೇಡಿ, ಬೇರು ಕಿತ್ತವರಿಗೆ ಆ ನೋವು ನಿಜ, ಅದಕ್ಕೆ ಔಷಧವೂ ಇದೆ.

ಮುಂದಿನ ಸಲ ಊರಿಂದ ಇಂಥ ಫೋನ್ ಬಂದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ: "ಬಿದ್ದಿದ್ದು ಯಾವ ತಾರೀಖು?" ಎರಡನೆಯದು: "ಇ.ಎಂ.ಜಿ. ಆಯ್ತಾ?" ಈ ಎರಡಕ್ಕೆ ಉತ್ತರ ಬಂದ ಮೇಲೆ ಉಳಿದ ಮಾತು.

ಮುಂದಿನ ಸಂಚಿಕೆಯಲ್ಲಿ ಅತಿಥಿಗಳಿರ್ತಾರೆ, ವಿಷಯ ಮಧುಮೇಹದವರ ಕಾಲಿನ ಹುಣ್ಣು ಯಾಕೆ ಮಾಯೋದಿಲ್ಲ ಅನ್ನೋದು. ಪ್ರಶ್ನೆ ಇದ್ದರೆ ಧ್ವನಿಸಂದೇಶ ಕಳಿಸಿ, ಒಂದು ನಿಮಿಷಕ್ಕಿಂತ ಉದ್ದ ಬೇಡ.